ಕರಟದೊಳಗಿನ ಕೊಬ್ಬರಿ, ಕೋಡಿಯ ನೀರು: ಸಂಭವನೀಯತೆಯ ಮೊದಲ ಪಾಠಗಳು

ವೇದಾವತಿಯನ್ನು ಸೇರುವ ಸುವರ್ಣಮುಖಿ ನದಿಗೆ ಅಡ್ಡಲಾಗಿ, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹುಳಿಯಾರು ಸೀಮೆಯಲ್ಲಿ ಮೈಸೂರು ಅರಸರ ಕಾಲದಲ್ಲಿ ಕಟ್ಟಿದ ಬೋರನಕಣಿವೆ ಜಲಾಶಯಕ್ಕೆ ಮುಂದಿನ ಮಳೆಗಾಲದಲ್ಲಿ ಎಷ್ಟು ನೀರು ಬಂದೀತೆಂದು ಮುಂಗಾರಿಗೆ ಮೊದಲೇ ಯಾರೂ ಖಚಿತವಾಗಿ ಹೇಳಲಾರರು. ಹಾಗೆಯೇ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಬೆಳೆಗಾರರ ಮನೆಯ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗುವ ತೆಂಗಿನಕಾಯಿಗಳಲ್ಲಿ ಯಾವುದರೊಳಗೆ ಒಳ್ಳೆಯ ಉಂಡೆ ಕೊಬ್ಬರಿ ಕೂತಿದೆ, ಯಾವುದು ಕೌಟಾಗಿದೆ ಎಂಬುದು ಕರಟ ಒಡೆಯುವವರೆಗೆ ತಿಳಿಯದು. ಆದರೂ ಅಟ್ಟದ ಇಡೀ ರಾಶಿಯಲ್ಲಿ ನೂರಕ್ಕೆ ಸುಮಾರು ಎಷ್ಟು ಕೆಟ್ಟಿರಬಹುದೆಂದು ಕೇಳಿದರೆ ಅನುಭವಿ ಬೆಳೆಗಾರ ಹೆಚ್ಚು ತಪ್ಪಿಲ್ಲದೆ ಉತ್ತರಿಸುತ್ತಾನೆ. ಒಂದೊಂದು ಕಾಯಿಯ ವಿಷಯದಲ್ಲಿ ಬಾಯಿ ಬಿಡಲಾಗದಿದ್ದರೂ ರಾಶಿಯ ವಿಷಯದಲ್ಲಿ ಲೆಕ್ಕವಿಟ್ಟು ಮಾತನಾಡಬಹುದು ಎಂಬ ಈ ಸಂಗತಿಯ ಮೇಲೆಯೇ ಸಂಭವನೀಯತೆ ಎಂಬ ಗಣಿತಶಾಖೆ ನಿಂತಿದೆ. ಶಾಲೆಯ ಪಠ್ಯದಲ್ಲಿ ನಾಣ್ಯ ಮತ್ತು ದಾಳಗಳಿಂದ ಆರಂಭವಾಗಿ ಬಹುಪಾಲು ಅಲ್ಲಿಯೇ ಮುಗಿದುಹೋಗುವ ಈ ವಿಷಯದ ಮೂಲ ಪರಿಕಲ್ಪನೆಗಳೆಲ್ಲವೂ ತೆಂಗಿನ ಸೀಮೆಯ ಮನೆ, ಅಟ್ಟ, ಕೆರೆಗಳಲ್ಲಿ ಕಣ್ಣೆದುರೇ ಇವೆ.

ಮೊದಲ ಪರಿಕಲ್ಪನೆಯನ್ನು ತಿಳಿಯಲು ಹಳೆಯ ಮೈಸೂರು ಸೀಮೆಯ ಜಗುಲಿಯ ಆಟವಾದ ಚೌಕಾಬಾರ ಸಾಕು. ಕವಡೆ ಇಲ್ಲದ ಮನೆಯಲ್ಲಿ ಹುಣಸೆಬೀಜದ ಒಂದು ಮಗ್ಗುಲನ್ನು ಒರಟು ಕಲ್ಲಿಗೆ ಉಜ್ಜಿ, ಮೇಲಿನ ಕಪ್ಪು ಸಿಪ್ಪೆ ಸವೆದು ಒಳಗಿನ ಬಿಳುಪು ಕಾಣುವಂತೆ ಮಾಡಿ, ಅಂಥ ನಾಲ್ಕು ಬೀಜಗಳನ್ನು ಅಂಗೈಯಲ್ಲಿ ಕುಲುಕಿ ನೆಲಕ್ಕೆ ಬಿಡುತ್ತಾರೆ. ಎಷ್ಟು ಬಿಳಿ ಮಗ್ಗುಲು ಮೇಲಾಗಿ ಬಿದ್ದವೋ ಅಷ್ಟು ಗರ. ನಾಲ್ಕೂ ಬಿಳಿಯಾದರೆ ಚೌಕ, ಅಂದರೆ ನಾಲ್ಕು. ಒಂದೂ ಬಿಳಿ ಕಾಣದೆ ಎಲ್ಲವೂ ಕಪ್ಪಾದರೆ ಬಾರ, ಅಂದರೆ ಎಂಟು. ಮುಂದೇನು ಬೀಳುತ್ತದೆಂದು ಮೊದಲೇ ಹೇಳಲಾಗದ, ಆದರೆ ಬೀಳಬಹುದಾದದ್ದೆಲ್ಲ ಏನೇನೆಂದು ಮೊದಲೇ ಗೊತ್ತಿರುವ ಇಂಥ ಕ್ರಿಯೆಯನ್ನು ಗಣಿತವು ಯಾದೃಚ್ಛಿಕ ಪ್ರಯೋಗ ಎನ್ನುತ್ತದೆ. ಬೀಳಬಹುದಾದ ಎಲ್ಲ ಫಲಿತಗಳನ್ನು ಒಟ್ಟಾಗಿ ಬರೆದರೆ ಅದು ಫಲಿತಗಣ. ಆ ಗಣದೊಳಗಿನ, ಒಂದು ಲಕ್ಷಣವನ್ನು ಹೊಂದಿದ ಫಲಿತಗಳ ಗುಂಪು ಘಟನೆ. ಎಲ್ಲ ಫಲಿತಗಳೂ ಬೀಳಲು ಸಮಾನ ಅವಕಾಶವಿದ್ದಾಗ, ಘಟನೆಗೆ ಸೇರಿದ ಫಲಿತಗಳ ಸಂಖ್ಯೆಯನ್ನು ಒಟ್ಟು ಫಲಿತಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದೇ ಆ ಘಟನೆಯ ಸಂಭವನೀಯತೆ. ಅದು 0 ಮತ್ತು 1ರ ನಡುವೆ ಇರುತ್ತದೆ. 0 ಎಂದರೆ ನಡೆಯಲಾರದ್ದು, 1 ಎಂದರೆ ನಡೆದೇ ನಡೆಯುವಂಥದ್ದು.

ಸೂತ್ರ ಇಷ್ಟು ಸರಳವಾಗಿದ್ದರೂ ಅದರಲ್ಲಿ ‘ಸಮಾನ ಅವಕಾಶ’ ಎಂಬ ಎರಡು ಪದಗಳ ಭಾರವನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ಗಮನಿಸುವುದಿಲ್ಲ. ಚೌಕಾಬಾರದಲ್ಲಿ ಬೀಳಬಹುದಾದ ಗರಗಳು 1, 2, 3, 4 ಮತ್ತು 8, ಹೀಗೆ ಒಟ್ಟು ಐದು. ಆದ್ದರಿಂದ ಚೌಕ ಬೀಳುವ ಸಂಭವನೀಯತೆ 1/5 ಎಂದು ಯಾರಾದರೂ ಬರೆದರೆ ಅದು ತಪ್ಪು. ಇದೇ ಬಗೆಯ ತಪ್ಪನ್ನು ಹದಿನೆಂಟನೆಯ ಶತಮಾನದ ಫ್ರಾನ್ಸಿನ ದೊಡ್ಡ ಗಣಿತಜ್ಞ ದಲಾಂಬೇರ್ ಕೂಡ ಮಾಡಿದ್ದ: ಎರಡು ಸಲ ನಾಣ್ಯ ಚಿಮ್ಮಿದಾಗ ಒಮ್ಮೆಯಾದರೂ ತಲೆ ಬೀಳುವ ಸಂಭವನೀಯತೆ 3/4 ಆಗಿರುವಾಗ, ಫಲಿತಗಳನ್ನು ಸರಿಯಾಗಿ ಬಿಡಿಸಿ ಎಣಿಸದೆ 2/3 ಎಂದು ವಾದಿಸಿದ್ದ. ಆದ್ದರಿಂದ ಈ ತಪ್ಪಿಗಾಗಿ ಹತ್ತನೆಯ ತರಗತಿಯ ಹುಡುಗನನ್ನು ದಡ್ಡನೆನ್ನುವುದು ನ್ಯಾಯವಲ್ಲ. ಅವನಿಗೆ ಬೀಜಗಳನ್ನು ಒಂದೊಂದಾಗಿ ಗುರುತಿಸಿ ಎಣಿಸಲು ಹೇಳಿಕೊಡಬೇಕು. ಪ್ರತಿ ಬೀಜವೂ ಕಪ್ಪು ಅಥವಾ ಬಿಳಿ ಎಂಬ ಎರಡು ಬಗೆಯಲ್ಲಿ ಬೀಳಬಲ್ಲದ್ದರಿಂದ ನಾಲ್ಕು ಬೀಜಗಳಿಗೆ ಎರಡನ್ನು ನಾಲ್ಕು ಸಲ ಗುಣಿಸಿದರೆ 16 ಫಲಿತಗಳಾಗುತ್ತವೆ. ಇವುಗಳಲ್ಲಿ ನಾಲ್ಕೂ ಬಿಳಿಯಾಗುವುದು ಒಂದೇ ಬಗೆಯಲ್ಲಿ, ನಾಲ್ಕೂ ಕಪ್ಪಾಗುವುದು ಒಂದೇ ಬಗೆಯಲ್ಲಿ. ಒಂದೇ ಬಿಳಿ ಬೀಳುವುದು ನಾಲ್ಕು ಬಗೆಯಲ್ಲಿ, ಮೂರು ಬಿಳಿ ಬೀಳುವುದೂ ನಾಲ್ಕು ಬಗೆಯಲ್ಲಿ, ಎರಡು ಬಿಳಿ ಬೀಳುವುದು ಆರು ಬಗೆಯಲ್ಲಿ. ಹಾಗಾಗಿ ಎರಡರ ಗರಕ್ಕೆ 6/16, ಒಂದು ಮತ್ತು ಮೂರರ ಗರಗಳಿಗೆ ತಲಾ 4/16, ಚೌಕಕ್ಕೂ ಬಾರಕ್ಕೂ ತಲಾ 1/16. ಆಟದ ನಿಯಮ ಮಾಡಿದವರು ಹೆಚ್ಚು ಮನೆ ನಡೆಯುವ ಹಕ್ಕನ್ನೂ ಮತ್ತೊಮ್ಮೆ ಗರ ಹಾಕುವ ಅವಕಾಶವನ್ನೂ ಈ ಅಪರೂಪದ ಎರಡು ಗರಗಳಿಗೇ ಕೊಟ್ಟಿರುವುದನ್ನು ಗಮನಿಸಿದರೆ, ಅವರಿಗೆ ಸೂತ್ರ ಗೊತ್ತಿರದಿದ್ದರೂ ಅಪರೂಪದ ಅಳತೆ ಗೊತ್ತಿತ್ತೆಂದು ಹೇಳಬಹುದು.

ನಾಲ್ಕು ಬೀಜಗಳಲ್ಲಿ ಎರಡನ್ನು ಆರಿಸುವ ಬಗೆಗಳು ಆರು ಎಂಬ ಈ ಎಣಿಕೆಗೆ ಗಣಿತದಲ್ಲಿ ವಿಕಲ್ಪ ಎಂದು ಹೆಸರು. ಅದರ ಸಾಮಾನ್ಯ ಸೂತ್ರವನ್ನು ಸುಮಾರು ಕ್ರಿ.ಶ. 850ರಲ್ಲೇ ಬರೆದಿಟ್ಟವನು, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿದ್ದ ಜೈನ ಗಣಿತಜ್ಞ ಮಹಾವೀರಾಚಾರ್ಯ ಎಂಬುದು ಕನ್ನಡ ನಾಡಿನ ಪ್ರತಿ ಗಣಿತ ವಿದ್ಯಾರ್ಥಿಗೂ ತಿಳಿದಿರಬೇಕಾದ ಸಂಗತಿ. ಸಂಸ್ಕೃತದಲ್ಲಿರುವ ಅವನ ಗಣಿತಸಾರಸಂಗ್ರಹದ ನಿಯಮ ಹೀಗಿದೆ: ಒಟ್ಟು ವಸ್ತುಗಳ ಸಂಖ್ಯೆಯಿಂದ ಆರಂಭಿಸಿ ಒಂದೊಂದು ಕಡಿಮೆ ಮಾಡುತ್ತ ಬೇಕಾದಷ್ಟು ಸಂಖ್ಯೆಗಳನ್ನು ಗುಣಿಸಿ, ಆ ಗುಣಲಬ್ಧವನ್ನು ಒಂದರಿಂದ ಆರಂಭಿಸಿ ಅಷ್ಟೇ ಸಂಖ್ಯೆಗಳ ಗುಣಲಬ್ಧದಿಂದ ಭಾಗಿಸಬೇಕು. ನಾಲ್ಕು ಬೀಜಗಳಲ್ಲಿ ಎರಡಕ್ಕೆ 4 ಮತ್ತು 3ರ ಗುಣಲಬ್ಧ 12ನ್ನು, 1 ಮತ್ತು 2ರ ಗುಣಲಬ್ಧ 2ರಿಂದ ಭಾಗಿಸಿದರೆ 6. ಮಹಾವೀರಾಚಾರ್ಯ ಕೊಡುವ ಉದಾಹರಣೆಯೋ ಅಡುಗೆಮನೆಯದು: ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಎಂಬ ಆರು ರಸಗಳನ್ನು ಬೆರೆಸುವ ಬಗೆಗಳೆಷ್ಟು? ಒಂದೊಂದೇ ರಸ 6, ಎರಡೆರಡು 15, ಮೂರುಮೂರು 20, ನಾಲ್ಕುನಾಲ್ಕು 15, ಐದೈದು 6, ಆರೂ ಸೇರಿ 1, ಒಟ್ಟು 63. ಅವನು ಸಂಭವನೀಯತೆಯನ್ನು ಹೇಳಿಲ್ಲ. ಪಾಸ್ಕಲ್ ಮತ್ತು ಫರ್ಮಾ ಎಂಬ ಫ್ರೆಂಚ್ ಗಣಿತಜ್ಞರು 1654ರಲ್ಲಿ ಜೂಜಿನ ಪಣವನ್ನು ಹಂಚುವ ಸಮಸ್ಯೆಯ ಬಗ್ಗೆ ಪತ್ರ ಬರೆದುಕೊಂಡಾಗಲೇ ಆ ಶಾಖೆ ಹುಟ್ಟಿತು. ಆದರೆ ಯಾವ ಎಣಿಕೆಯಿಲ್ಲದೆ ಸಂಭವನೀಯತೆಯ ಒಂದು ಹೆಜ್ಜೆಯನ್ನೂ ಇಡಲಾಗದೋ ಆ ಎಣಿಕೆ ಈ ನಾಡಿನಲ್ಲಿ ಅದಕ್ಕೆ ಎಂಟುನೂರು ವರ್ಷ ಮೊದಲೇ ಇತ್ತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಗಣಿತ ಪ್ರಾಧ್ಯಾಪಕಿಯಾಗಿದ್ದ ಪದ್ಮಾವತಮ್ಮ ಆ ಗ್ರಂಥವನ್ನು ಕನ್ನಡಕ್ಕೆ ತಂದಿದ್ದಾರೆ. ಪ್ರೌಢಶಾಲೆಯ ಗ್ರಂಥಾಲಯಗಳಲ್ಲಿ ಅದು ಕಾಣುವಂತಾಗಬೇಕು.

ಇಷ್ಟೆಲ್ಲ ಲೆಕ್ಕವೂ ಬೀಜದ ಎರಡು ಮಗ್ಗುಲಿಗೂ ಸಮಾನ ಅವಕಾಶವಿದೆ ಎಂಬ ಊಹೆಯ ಮೇಲೆ ನಿಂತಿದೆ. ನಿಜವಾದ ಹುಣಸೆಬೀಜ ಹಾಗಿರುವುದಿಲ್ಲ. ಉಜ್ಜಿದ ಮಗ್ಗುಲು ಚಪ್ಪಟೆ, ಉಜ್ಜದ ಮಗ್ಗುಲು ಸ್ವಲ್ಪ ಉಬ್ಬು. ಒಂದು ಬೀಜ ಬಿಳಿಯಾಗಿ ಬೀಳುವ ಸಂಭವನೀಯತೆ 0.5ರ ಬದಲು 0.6 ಎಂದು ಭಾವಿಸಿದರೆ, ನಾಲ್ಕೂ ಬಿಳಿಯಾಗುವುದು 0.6ನ್ನು ನಾಲ್ಕು ಸಲ ಗುಣಿಸಿದಷ್ಟು, ಅಂದರೆ 0.1296; ನಾಲ್ಕೂ ಕಪ್ಪಾಗುವುದು 0.4ನ್ನು ನಾಲ್ಕು ಸಲ ಗುಣಿಸಿದಷ್ಟು, ಅಂದರೆ 0.0256. ಸರಿಸಮವಾಗಿದ್ದ ಚೌಕ ಮತ್ತು ಬಾರಗಳ ನಡುವೆ ಈಗ ಐದು ಪಟ್ಟಿನ ಅಂತರ ಬಿತ್ತು. ಬೀಜದ ಬಾಗಿನಲ್ಲಿನ ಚೂರು ವ್ಯತ್ಯಾಸ ಆಟದಲ್ಲಿ ಇಷ್ಟು ದೊಡ್ಡದಾಗುತ್ತದೆ. ಹಾಗಾದರೆ ಒಂದು ಬೀಜದ ನಿಜವಾದ ಸಂಭವನೀಯತೆ 0.6 ಎಂದೋ 0.55 ಎಂದೋ ತಿಳಿಯುವುದು ಹೇಗೆ? ಅದಕ್ಕೆ ಎಸೆದು ನೋಡುವುದಲ್ಲದೆ ಬೇರೆ ದಾರಿಯಿಲ್ಲ. ನೂರಾರು ಸಲ ಎಸೆದು, ಬಿಳಿ ಬಿದ್ದ ಸಂಖ್ಯೆಯನ್ನು ಒಟ್ಟು ಎಸೆತಗಳಿಂದ ಭಾಗಿಸಿದರೆ ಸಿಗುವುದನ್ನು ಪ್ರಾಯೋಗಿಕ ಸಂಭವನೀಯತೆ ಎನ್ನುತ್ತಾರೆ. ಎಸೆತಗಳು ಹೆಚ್ಚಿದಂತೆ ಈ ಅನುಪಾತ ನಿಜವಾದ ಬೆಲೆಯ ಹತ್ತಿರ ನೆಲೆಗೊಳ್ಳುತ್ತದೆ ಎಂಬುದನ್ನು ಸಾಧಿಸಿ ತೋರಿಸಿದವನು ಸ್ವಿಟ್ಜರ್ಲೆಂಡಿನ ಯಾಕೋಬ್ ಬರ್ನೂಲಿ. ಅವನು ತೀರಿಕೊಂಡ ಎಂಟು ವರ್ಷಗಳ ನಂತರ, 1713ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಅದಿದೆ. ಈಗ ಅದು ದೊಡ್ಡ ಸಂಖ್ಯೆಗಳ ನಿಯಮ ಎಂದು ಪ್ರಸಿದ್ಧವಾಗಿದೆ.

ಆಟದಿಂದ ಅಟ್ಟಕ್ಕೆ ಬಂದರೆ ಲೆಕ್ಕಕ್ಕೆ ಬೆಲೆಯೂ ಸೇರುತ್ತದೆ. ಕೊಬ್ಬರಿಗೆ ಇಟ್ಟ ಕಾಯಿ ಅಟ್ಟದ ಮೇಲೆ ಎಂಟು ಹತ್ತು ತಿಂಗಳು ಕೂತು, ಒಳಗಿನ ನೀರು ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಆಮೇಲೆ ಸುಲಿದು, ಕರಟ ಒಡೆದು, ಚೀಲಕ್ಕೆ ತುಂಬಿ ತಿಪಟೂರಿನ ಮಾರುಕಟ್ಟೆಗೆ ಸಾಗಿಸುತ್ತಾರೆ. ಕೊಳ್ಳುವವನು ಚೀಲವನ್ನೆಲ್ಲ ಸುರಿದು ಒಂದೊಂದನ್ನೂ ಪರೀಕ್ಷಿಸುವುದಿಲ್ಲ. ಕೆಲವನ್ನು ಕೈಗೆತ್ತಿಕೊಂಡು ನೋಡಿ, ಮೂಸಿ, ಅವುಗಳಿಂದ ಚೀಲವನ್ನೇ ಅಳೆಯುತ್ತಾನೆ. ಗಣಿತದಲ್ಲಿ ಇದಕ್ಕೆ ಮಾದರಿ ಸಮೀಕ್ಷೆ ಎಂದು ಹೆಸರು. ನೂರು ಉಂಡೆಗಳಿರುವ ಒಂದು ರಾಶಿಯಲ್ಲಿ ಹತ್ತು ಕೌಟಾಗಿವೆ ಎಂದೂ ಕಣ್ಣು ಮುಚ್ಚಿ ಮೂರನ್ನು ತೆಗೆದಿದ್ದಾಯಿತೆಂದೂ ಭಾವಿಸಿದರೆ, ಮೂರೂ ಒಳ್ಳೆಯವೇ ಆಗಿರುವ ಸಂಭವನೀಯತೆ ಎಷ್ಟು? ಮೊದಲನೆಯದು ಒಳ್ಳೆಯದಾಗುವುದು 90/100, ಅದನ್ನು ಹೊರಗಿಟ್ಟ ಮೇಲೆ ಉಳಿದ 99ರಲ್ಲಿ ಒಳ್ಳೆಯವು 89, ಆದ್ದರಿಂದ ಎರಡನೆಯದು 89/99, ಮೂರನೆಯದು 88/98. ಮೂರನ್ನೂ ಗುಣಿಸಿದರೆ ಸುಮಾರು 0.73. ಅಂದರೆ ನೂರರಲ್ಲಿ ಹತ್ತು ಕೆಟ್ಟಿದ್ದರೂ ಮೂರೇ ಉಂಡೆ ನೋಡುವ ಪರೀಕ್ಷೆಗೆ ನಾಲ್ಕರಲ್ಲಿ ಸುಮಾರು ಮೂರು ಸಲ ಒಂದೂ ಕೌಟು ಸಿಗುವುದಿಲ್ಲ. ಹತ್ತು ಉಂಡೆ ತೆಗೆದರೆ ಒಂದೂ ಸಿಗದಿರುವ ಸಂಭವನೀಯತೆ 0.33ಕ್ಕೆ ಇಳಿಯುತ್ತದೆ, ಇಪ್ಪತ್ತು ತೆಗೆದರೆ 0.1ಕ್ಕಿಂತ ಸ್ವಲ್ಪ ಕಡಿಮೆ.

ಇಲ್ಲಿ ಎರಡು ಸಂಗತಿಗಳು ಅಡಗಿವೆ. ‘ಕನಿಷ್ಠ ಒಂದಾದರೂ ಕೌಟು ಸಿಗುವುದು’ ಎಂಬ ಘಟನೆಯನ್ನು ನೇರವಾಗಿ ಎಣಿಸಹೋದರೆ ಒಂದು ಸಿಗುವುದು, ಎರಡು ಸಿಗುವುದು, ಮೂರು ಸಿಗುವುದು ಎಂದು ಲೆಕ್ಕ ಬೆಳೆಯುತ್ತದೆ. ಅದರ ಬದಲು ‘ಒಂದೂ ಸಿಗದಿರುವುದು’ ಎಂಬ ಪೂರಕ ಘಟನೆಯ ಸಂಭವನೀಯತೆಯನ್ನು ಕಂಡುಹಿಡಿದು 1ರಿಂದ ಕಳೆದರೆ ಕೆಲಸ ಮುಗಿಯಿತು. ಎರಡನೆಯದು ಇನ್ನೂ ಮುಖ್ಯ: ಈ ಲೆಕ್ಕ ಸರಿಯಾಗುವುದು ಉಂಡೆಗಳನ್ನು ರಾಶಿಯ ಎಲ್ಲ ಭಾಗದಿಂದ ಯಾದೃಚ್ಛಿಕವಾಗಿ ಎತ್ತಿದಾಗ ಮಾತ್ರ. ಚೀಲದ ಬಾಯಲ್ಲಿರುವ ಮೂರನ್ನೇ ಎತ್ತಿದರೆ ಅದು ಚೀಲದ ಬಾಯಿಯ ಪರೀಕ್ಷೆಯೇ ಹೊರತು ಚೀಲದ್ದಲ್ಲ. ಭಾರತದಲ್ಲಿ ಈ ಮಾದರಿ ಸಮೀಕ್ಷೆಯ ಶಾಸ್ತ್ರವನ್ನು ಬೆಳೆಸಿದ್ದು 1931ರಲ್ಲಿ ಕಲ್ಕತ್ತೆಯಲ್ಲಿ ಪಿ.ಸಿ. ಮಹಾಲನೋಬಿಸ್ ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ. ಬಂಗಾಳದ ಸೆಣಬಿನ ಬೆಳೆಯನ್ನು ಹೊಲಹೊಲವೂ ಅಳೆಯದೆ ಆಯ್ದ ತುಂಡುಗಳಿಂದಲೇ ಅಂದಾಜು ಮಾಡುವ ವಿಧಾನ ಅಲ್ಲಿ ರೂಪುಗೊಂಡಿತು. ಅದೇ ಸಂಸ್ಥೆಯಲ್ಲಿ ದಶಕಗಳ ಕಾಲ ದುಡಿದು, ತಾವು 25ರ ಪ್ರಾಯದವರೂ ಆಗಿರದಿದ್ದಾಗ, 1945ರಲ್ಲಿ, ಬರೆದ ಪ್ರಬಂಧದಿಂದಲೇ ಜಗತ್ತಿನಲ್ಲಿ ಹೆಸರಾಗಿ, 2023ರಲ್ಲಿ ನಿಧನರಾದ ಸಿ.ಆರ್. ರಾವ್ ಹುಟ್ಟಿದ್ದು ಈ ನಾಡಿನ ಹೂವಿನಹಡಗಲಿಯಲ್ಲಿ.

ಅಟ್ಟದ ಮೇಲಿನ ಕಾಯಿಯನ್ನು ಒಡೆಯದೆಯೂ ಬೆಳೆಗಾರ ಒಂದು ಪರೀಕ್ಷೆ ಮಾಡುತ್ತಾನೆ. ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಾನೆ. ಕರಟ ಬಿಟ್ಟ ಒಣ ಉಂಡೆ ಒಳಗೆ ಲೊಡಲೊಡ ಎನ್ನುತ್ತದೆ. ಈ ಸದ್ದಿನಿಂದ ಎಷ್ಟು ತಿಳಿಯಬಹುದು ಎಂಬುದನ್ನು ಅಳೆಯುವುದು ಷರತ್ತುಬದ್ಧ ಸಂಭವನೀಯತೆ, ಅಂದರೆ ಒಂದು ಸಂಗತಿ ತಿಳಿದ ಮೇಲೆ ಇನ್ನೊಂದರ ಸಂಭವನೀಯತೆ. ಲೆಕ್ಕಕ್ಕಾಗಿ ಸಾವಿರ ಕಾಯಿಗಳಲ್ಲಿ 900 ಒಳ್ಳೆಯವು, 100 ಕೆಟ್ಟವು ಎಂದಿರಲಿ. ಒಳ್ಳೆಯವುಗಳಲ್ಲಿ ನೂರಕ್ಕೆ 90 ಸದ್ದು ಮಾಡುತ್ತವೆ, ಕೆಟ್ಟವುಗಳಲ್ಲಿ ನೂರಕ್ಕೆ 20 ಮಾತ್ರ ಸದ್ದು ಮಾಡುತ್ತವೆ ಎಂದಿರಲಿ. ಆಗ ಸದ್ದು ಮಾಡದ ಕಾಯಿಯೊಂದು ಕೈಗೆ ಬಂದರೆ ಅದು ಕೆಟ್ಟದ್ದೇ ಎನ್ನಬಹುದೇ? ಕೆಟ್ಟವುಗಳಲ್ಲಿ ನೂರಕ್ಕೆ 80 ಸದ್ದು ಮಾಡುವುದಿಲ್ಲವಾದ್ದರಿಂದ ಹೌದೆಂದು ಮನಸ್ಸು ಥಟ್ಟನೆ ಹೇಳುತ್ತದೆ. ಎಣಿಸಿ ನೋಡಿದರೆ ಒಳ್ಳೆಯವುಗಳಲ್ಲಿ ಸದ್ದು ಮಾಡದವು 90, ಕೆಟ್ಟವುಗಳಲ್ಲಿ ಸದ್ದು ಮಾಡದವು 80, ಒಟ್ಟು 170. ಅಂದರೆ ಸದ್ದಿಲ್ಲದ ಕಾಯಿ ಕೆಟ್ಟದ್ದಾಗಿರುವ ಸಂಭವನೀಯತೆ 80/170, ಸುಮಾರು 0.47, ಅರ್ಧಕ್ಕಿಂತಲೂ ಕಡಿಮೆ. ಒಳ್ಳೆಯ ಕಾಯಿಗಳ ಸಂಖ್ಯೆಯೇ ದೊಡ್ಡದಾದ್ದರಿಂದ ಅವುಗಳ ಚಿಕ್ಕ ಪಾಲೂ ಕೆಟ್ಟವುಗಳ ದೊಡ್ಡ ಪಾಲಿಗಿಂತ ಹೆಚ್ಚಾಯಿತು. ಸದ್ದು ಮಾಡಿದ 830ರಲ್ಲಾದರೋ ಕೆಟ್ಟವು 20 ಮಾತ್ರ, ನೂರಕ್ಕೆ ಎರಡೂವರೆಗಿಂತ ಕಡಿಮೆ. ಆದ್ದರಿಂದ ಸದ್ದು ಕೇಳಿದ ಕಾಯಿಯನ್ನು ನಂಬಬಹುದು, ಕೇಳದ ಕಾಯಿಯನ್ನು ಎಸೆಯುವ ಮೊದಲು ಇನ್ನಷ್ಟು ದಿನ ಅಟ್ಟದಲ್ಲೇ ಬಿಡಬೇಕು.

‘ಕೆಟ್ಟದ್ದಾದರೆ ಸದ್ದಿಲ್ಲದಿರುವುದು’ ಮತ್ತು ‘ಸದ್ದಿಲ್ಲದಿದ್ದರೆ ಕೆಟ್ಟದ್ದಾಗಿರುವುದು’ ಎಂಬ ಎರಡು ಬೇರೆ ಸಂಭವನೀಯತೆಗಳನ್ನು ಒಂದೇ ಎಂದು ತಿಳಿಯುವುದು ಈ ಇಡೀ ವಿಷಯದಲ್ಲಿ ಅತ್ಯಂತ ಹಾನಿಕರವಾದ ತಪ್ಪು. ಅಪರೂಪದ ಕಾಯಿಲೆಯ ರಕ್ತಪರೀಕ್ಷೆಯಲ್ಲಿ ‘ಇದೆ’ ಎಂದು ಬಂದ ಕೂಡಲೇ ಕಾಯಿಲೆ ಇದ್ದೇ ಇದೆಯೆಂದು ಕುಟುಂಬವೊಂದು ಕುಸಿದು ಕೂರುವುದಕ್ಕೂ, ಎರಡನೆಯ ಪರೀಕ್ಷೆಯ ಅಗತ್ಯ ಅರ್ಥವಾಗದಿರುವುದಕ್ಕೂ ಇದೇ ಕಾರಣ. ಒಂದರಿಂದ ಇನ್ನೊಂದಕ್ಕೆ ದಾಟುವ ನಿಯಮವನ್ನು ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್ ಬರೆದಿಟ್ಟಿದ್ದ. ಅವನ ಮರಣಾನಂತರ 1763ರಲ್ಲಿ ಅದು ಪ್ರಕಟವಾಯಿತು. ದ್ವಿತೀಯ ಪಿಯುಸಿ ವಿದ್ಯಾರ್ಥಿಗಳಿಗೆ ಸೂತ್ರವಾಗಿ ಹೆದರಿಸುವ ಬೇಯ್ಸ್ ಪ್ರಮೇಯ ಮೇಲಿನ ಸಾವಿರ ಕಾಯಿಗಳ ಎಣಿಕೆಗಿಂತ ಬೇರೆಯಲ್ಲ.

ಒಂದು ಘಟನೆ ನಡೆದದ್ದರಿಂದ ಇನ್ನೊಂದರ ಸಂಭವನೀಯತೆ ಬದಲಾಗದಿದ್ದರೆ ಆ ಎರಡು ಘಟನೆಗಳು ಸ್ವತಂತ್ರ. ಆಗ ಎರಡೂ ನಡೆಯುವ ಸಂಭವನೀಯತೆಯನ್ನು ಬರಿಯ ಗುಣಾಕಾರದಿಂದ ಪಡೆಯಬಹುದು. ಹುಣಸೆಬೀಜಗಳು ಸ್ವತಂತ್ರ, ಕೆರೆಗಳು ಹಾಗಲ್ಲ. ಒಂದೇ ಹಳ್ಳದ ಮೇಲೆ ಮೇಲೊಂದು ಕೆಳಗೊಂದು ಕೆರೆಯಿದ್ದು, ಒಂದು ವರ್ಷದಲ್ಲಿ ಪ್ರತಿಯೊಂದೂ ಕೋಡಿ ಬೀಳುವ ಸಂಭವನೀಯತೆ 0.3 ಎಂದಾದರೆ, ಎರಡೂ ಕೋಡಿ ಬೀಳುವುದು 0.3 ಮತ್ತು 0.3ರ ಗುಣಲಬ್ಧವಾದ 0.09 ಎಂದು ಬರೆಯುವಂತಿಲ್ಲ. ಮೇಲಿನ ಕೆರೆ ಕೋಡಿ ಬಿದ್ದ ನೀರೇ ಕೆಳಗಿನದಕ್ಕೆ ಇಳಿಯುವುದರಿಂದ, ಮೇಲಿನದು ತುಂಬಿದ ವರ್ಷ ಕೆಳಗಿನದು ತುಂಬುವ ಸಂಭವನೀಯತೆ 0.8 ಆಗಿದ್ದರೆ, ಎರಡೂ ತುಂಬುವುದು 0.3 ಮತ್ತು 0.8ರ ಗುಣಲಬ್ಧ, 0.24. ಸ್ವತಂತ್ರವೆಂದು ಭಾವಿಸಿದ್ದಕ್ಕೆ ಉತ್ತರ ಎರಡೂವರೆ ಪಟ್ಟಿಗಿಂತ ಹೆಚ್ಚು ತಪ್ಪಿತು. ಕೆಳಗಿನ ಊರಿನ ಏರಿಯ ಭದ್ರತೆ ಇಂಥ ಲೆಕ್ಕದ ಮೇಲೆ ನಿಂತಿರುವಾಗ ಈ ತಪ್ಪು ಅಂಕಪಟ್ಟಿಯ ತಪ್ಪಾಗಿ ಉಳಿಯುವುದಿಲ್ಲ.

ಇದಕ್ಕೆ ತಿರುವುಮುರುವಾದ ತಪ್ಪೂ ಉಂಟು. ಹತ್ತು ವರ್ಷಕ್ಕೊಮ್ಮೆ ತುಂಬುವ ಜಲಾಶಯ ಎಂದಾಗ, ಒಂಬತ್ತು ವರ್ಷ ತುಂಬದಿದ್ದರೆ ಹತ್ತನೆಯ ವರ್ಷ ತುಂಬಲೇಬೇಕು ಎಂದು ಜನ ತಿಳಿಯುತ್ತಾರೆ. ಯಾವುದೇ ವರ್ಷ ತುಂಬುವ ಸಂಭವನೀಯತೆ 1/10 ಮತ್ತು ವರ್ಷಗಳು ಪರಸ್ಪರ ಸ್ವತಂತ್ರ ಎಂದಾದರೆ, ಸತತ ಹತ್ತು ವರ್ಷ ತುಂಬದಿರುವ ಸಂಭವನೀಯತೆ 0.9ನ್ನು ಹತ್ತು ಸಲ ಗುಣಿಸಿದಷ್ಟು, ಸುಮಾರು 0.35. ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಲ ಹತ್ತು ವರ್ಷವೂ ಬರಿದಾಗಿ ಹೋಗಬಹುದು; ಹನ್ನೊಂದನೆಯ ವರ್ಷದ ಸಂಭವನೀಯತೆ ಆಗಲೂ 1/10. ಮಳೆ ತನ್ನ ಹಿಂದಿನ ಬಾಕಿಯನ್ನು ಲೆಕ್ಕವಿಟ್ಟು ತೀರಿಸುವುದಿಲ್ಲ.

ಬೋರನಕಣಿವೆಗೆ ಉತ್ತರದಲ್ಲಿ, ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರದ ಇತಿಹಾಸವನ್ನು ಈ ಮಾತಿನ ಪಕ್ಕದಲ್ಲಿಟ್ಟು ನೋಡಬೇಕು. ಮಾರಿಕಣಿವೆ ಎಂದು ಜನ ಕರೆಯುವ ಆ ಅಣೆಕಟ್ಟು 1907ರಲ್ಲಿ ಪೂರ್ಣಗೊಂಡಿತು. 130 ಅಡಿಯ ಗರಿಷ್ಠ ಮಟ್ಟ ತಲುಪಿ ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ, ಎರಡನೆಯ ಸಲ 89 ವರ್ಷಗಳ ನಂತರ, 2022ರ ಸೆಪ್ಟೆಂಬರಿನಲ್ಲಿ. ಆದರೆ ಮೂರನೆಯ ಸಲ ಕೋಡಿ ಬೀಳಲು ಮತ್ತೆ 89 ವರ್ಷ ಬೇಕಾಗಲಿಲ್ಲ. 2025ರ ಜನವರಿಯಲ್ಲೇ ನೀರು ಹರಿಯಿತು. 2021ರವರೆಗಿನ ದಾಖಲೆಯೊಂದನ್ನೇ ನಂಬಿ ಪ್ರಾಯೋಗಿಕ ಸಂಭವನೀಯತೆ ನೂರಕ್ಕೆ ಒಂದರಷ್ಟು ಎಂದು ಬರೆದಿಟ್ಟವರ ಭಾಗಾಕಾರದಲ್ಲಿ ತಪ್ಪಿರಲಿಲ್ಲ, ಪ್ರಯೋಗವೇ ಬದಲಾಗಿತ್ತು: ಇತ್ತೀಚಿನ ವರ್ಷಗಳಲ್ಲಿ ಮಳೆಯ ಜೊತೆಗೆ ಭದ್ರಾ ನೀರನ್ನೂ ಆ ಜಲಾಶಯಕ್ಕೆ ಹರಿಸಲಾಗುತ್ತಿದೆ, ಹಿಂದಿನ ವರ್ಷದ ನೀರು ಉಳಿದಿದ್ದರೆ ಮುಂದಿನ ವರ್ಷ ತುಂಬುವುದೂ ಸುಲಭ. ಬೀಜವನ್ನು ಮಧ್ಯದಲ್ಲಿ ಬದಲಿಸಿದರೆ ಹಳೆಯ ಎಸೆತಗಳ ಅನುಪಾತ ಹೊಸ ಬೀಜಕ್ಕೆ ಹೊಂದುವುದಿಲ್ಲ. ಆದ್ದರಿಂದ ಸಂಭವನೀಯತೆಯ ಯಾವುದೇ ಸಂಖ್ಯೆಯನ್ನು ಕೇಳಿದಾಗ, ಫಲಿತಗಣ ಯಾವುದು, ಷರತ್ತು ಯಾವುದು, ಆ ಷರತ್ತು ಈಗಲೂ ಇದೆಯೇ ಎಂಬ ಪ್ರಶ್ನೆಗಳನ್ನು ಮೊದಲು ಕೇಳಬೇಕು. ಸೂತ್ರ ಅದರ ನಂತರದ ಮಾತು.

ಈ ಸೀಮೆಯ ಶಾಲೆಗಳ ಗಣಿತ ಶಿಕ್ಷಕರು ಸಂಭವನೀಯತೆಯ ಅಧ್ಯಾಯವನ್ನು ತೆರೆಯುವ ದಿನ ಪ್ರತಿ ವಿದ್ಯಾರ್ಥಿಗೂ ನಾಲ್ಕು ಉಜ್ಜಿದ ಹುಣಸೆಬೀಜಗಳನ್ನು ತರಲು ಹೇಳಲಿ. ಒಬ್ಬೊಬ್ಬರೂ ನೂರು ಸಲ ಗರ ಹಾಕಿ, ಒಂದು, ಎರಡು, ಮೂರು, ಚೌಕ, ಬಾರ ಎಂಬ ಐದು ಮನೆಗಳಲ್ಲಿ ಗೀಟು ಹಾಕಿ ಎಣಿಸಲಿ. ನಲವತ್ತು ಮಕ್ಕಳ ತರಗತಿಯಲ್ಲಿ ಒಂದೇ ಪಾಠದ ಅವಧಿಗೆ ನಾಲ್ಕು ಸಾವಿರ ಗರಗಳ ದಾಖಲೆ ಸಿದ್ಧವಾಗುತ್ತದೆ. ಬೀಜಗಳು ಸಮವಾಗಿದ್ದರೆ ಅದರಲ್ಲಿ ಚೌಕ ಸುಮಾರು 250, ಬಾರವೂ ಸುಮಾರು 250 ಬರಬೇಕು. ಬಾರದಿದ್ದರೆ ಯಾಕೆಂದು ಬೀಜವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಲಿ.